ಹೆಡ್‌ಸೆಟ್‌ಗಿಂತ ಮೊದಲು ಪಳಗಿದ ಕೈ ಬೇಕು

ಮಾನ್ಯರೇ,

ಯುದ್ಧದ ಆಘಾತದಿಂದ ನರಳುವ ಯೋಧರಿಗೆ ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಕಂಪ್ಯೂಟರ್ ಸೃಷ್ಟಿಸಿದ ದೃಶ್ಯಲೋಕ) ಚಿಕಿತ್ಸೆ ಎಂದರೆ ಹೆಡ್‌ಸೆಟ್ ತೊಡಿಸಿ ಗುಂಡಿನ ಸದ್ದು ಕೇಳಿಸುವುದಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲೇ ವಿಯೆಟ್ನಾಂ ಯೋಧರ ಮೇಲೆ ಇದರ ಪ್ರಯೋಗ ನಡೆದಿತ್ತು. ಸಾಮಾನ್ಯವಾಗಿ ವಾರಕ್ಕೆ ಒಂದೆರಡು ಭೇಟಿ, ತಲಾ 90 ನಿಮಿಷ. ಮೊದಮೊದಲು ವಿವರಣೆ, ಉಸಿರಾಟದ ಅಭ್ಯಾಸ ಅಷ್ಟೆ. ಆಮೇಲೆ ಯೋಧ ನಡೆದದ್ದನ್ನು ಈಗಲೇ ನಡೆಯುತ್ತಿರುವಂತೆ ಹೇಳುತ್ತಾ ಹೋಗಬೇಕು. ಚಿಕಿತ್ಸಕರು ಅದಕ್ಕೆ ತಕ್ಕಷ್ಟೇ ಹೊಗೆ, ಹೆಲಿಕಾಪ್ಟರ್ ಸದ್ದು ಸೇರಿಸುತ್ತಾ, ಐದೈದು ನಿಮಿಷಕ್ಕೊಮ್ಮೆ ಆತಂಕ 0ರಿಂದ 100ರಲ್ಲಿ ಎಷ್ಟೆಂದು ಕೇಳಬೇಕು. ಆತಂಕ ಏರಿದಾಗಲೇ ಗಾಬರಿಯಾಗಿ ನಿಲ್ಲಿಸಿದರೆ ನೆನಪಿನಿಂದ ಓಡುವ ಅಭ್ಯಾಸವೇ ಗಟ್ಟಿಯಾಗುತ್ತದೆ. ಹೆಡ್‌ಸೆಟ್‌ನ ದೃಶ್ಯ ತಲೆಯ ಚಲನೆಗಿಂತ ತಡವಾದರೆ ವಾಕರಿಕೆಯೂ ಬರುತ್ತದೆ.

ವೈದ್ಯಕೀಯ ಕಾಲೇಜುಗಳಿರುವ ದಾವಣಗೆರೆಯಲ್ಲಿ ಮೊದಲು ಈ ಪದ್ಧತಿಯ ತರಬೇತಿ ಆರಂಭವಾಗಲಿ. ಅಲ್ಲಿಯವರೆಗೆ ಮಾಜಿ ಸೈನಿಕರ ಮನೆಯವರು ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

– ಆಪ್ತಸಮಾಲೋಚಕರು, ದಾವಣಗೆರೆ