ನಗರ ದರ್ಶನದ ಕರಪತ್ರವೂ ಇಂಗ್ಲಿಷ್ ಪಾಠವಾಗಲಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ರಾಜ್ಯದ ನಾನಾ ಕಡೆಗಳಿಂದ ಶಾಲಾ ಪ್ರವಾಸದ ಬಸ್ಸುಗಳು ಮೈಸೂರಿಗೆ ಬರುತ್ತವೆ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂತ ಫಿಲೋಮಿನಾ ಚರ್ಚು, ಸಂಜೆಗೆ ಕೆಆರ್‌ಎಸ್‌ನ ಬೃಂದಾವನ ಎಂದು ಮಕ್ಕಳು ಒಂದೇ ದಿನದಲ್ಲಿ ಎಲ್ಲವನ್ನೂ ಓಡೋಡಿ ನೋಡಿ, ರಾತ್ರಿ ಬಸ್ಸಿನಲ್ಲೇ ನಿದ್ದೆಹೋಗಿ, ಮತ್ತೆ ಶಾಲೆಗೆ ಬಂದಾಗ ಇಂಗ್ಲಿಷ್ ಅವಧಿಯಲ್ಲಿ ಯಾವುದೋ ಪಾಠದ ಪ್ರಶ್ನೋತ್ತರಗಳನ್ನು ಕಪ್ಪುಹಲಗೆಯಿಂದ ಬರೆದುಕೊಳ್ಳುತ್ತಾರೆ. ಪ್ರವಾಸಕ್ಕೂ ಪಾಠಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಮೈಸೂರು ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಹಲವು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿರುವ ನಾನು, ಈ ಎರಡನ್ನೂ ಜೋಡಿಸಬೇಕೆಂದೂ, ನಗರ ದರ್ಶನದ ಮಾಹಿತಿಯನ್ನು ಓದಿಸುವ ಮೂಲಕ ಇಂಗ್ಲಿಷ್ ಕಲಿಸಲು ಶಿಕ್ಷಣ ಇಲಾಖೆ ವ್ಯವಸ್ಥೆ ಮಾಡಬೇಕೆಂದೂ ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮಕ್ಕಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬ ದೂರು ಎಲ್ಲೆಡೆ ಇದೆ. ಅದು ಅರ್ಧ ಮಾತ್ರ ನಿಜ. ಎಂಟನೆಯ ತರಗತಿಯ ಅನೇಕ ಮಕ್ಕಳು ಒಂದು ಪುಟವನ್ನು ಗಟ್ಟಿಯಾಗಿ, ಅಷ್ಟೇನೂ ತಡವರಿಸದೆ ಓದುತ್ತಾರೆ. ಓದಿದ್ದರಲ್ಲಿ ಏನಿದೆ ಎಂದು ಕೇಳಿದರೆ ಮಾತ್ರ, ಶಿಕ್ಷಕರು ಕನ್ನಡದಲ್ಲಿ ಅರ್ಥ ಹೇಳುವ ತನಕ ಸುಮ್ಮನೆ ಕಾಯುತ್ತಾರೆ. ಇಂಗ್ಲಿಷ್ ವಾಕ್ಯವೊಂದರಿಂದ ತಮಗೆ ಬೇಕಾದ ಒಂದು ಸಂಗತಿಯನ್ನು ತಾವೇ ತಿಳಿದುಕೊಳ್ಳಬೇಕಾದ ಸಂದರ್ಭ ಆ ಮಕ್ಕಳಿಗೆ ಎಂದೂ ಒದಗಿಲ್ಲದಿರುವುದೇ ಇದಕ್ಕೆ ಕಾರಣ ಎಂಬುದು ನನ್ನ ಅನುಭವ. ಒಮ್ಮೆ ಖಾಸಗಿ ಅಭ್ಯಾಸ ಪುಸ್ತಕವೊಂದರಿಂದ ಲಂಡನ್ ನಗರವನ್ನು ಬಸ್ಸಿನಲ್ಲಿ ಸುತ್ತುವ ವಿವರಣೆಯನ್ನು ಓದಿಸಿದ್ದೆ. ಟವರ್ ಬ್ರಿಡ್ಜ್ ಎಂಬುದು ಗೋಪುರವೋ ಸೇತುವೆಯೋ, ಥೇಮ್ಸ್ ಎಂಬುದು ಊರೋ ಹೊಳೆಯೋ ತಿಳಿಯದೆ ಮಕ್ಕಳು ಒದ್ದಾಡಿದರು. ಭಾಷೆಯೂ ಹೊಸದು, ಸಂಗತಿಯೂ ಹೊಸದು ಎಂದಾದಾಗ ಮಗು ಯಾವುದನ್ನು ಹಿಡಿದು ಯಾವುದನ್ನು ತಿಳಿಯಬೇಕು? ಆ ಪಾಠ ಲಂಡನ್ನಿಗೆ ಹೊರಟವರಿಗೆ ಸರಿಯಾದದ್ದೇ. ನಂಜನಗೂಡಿನ ಆಚೆಗಿನ ಹಳ್ಳಿಯ ಮಕ್ಕಳಿಗೆ ಅದು ಮೊದಲ ಪಾಠವಾಗಬಾರದಿತ್ತು.

ಮುಂದಿನ ವರ್ಷ ಪ್ರವಾಸಕ್ಕೆ ಮೂರು ವಾರ ಮೊದಲೇ ಮೈಸೂರಿನ ಸ್ಥಳಗಳ ಬಗ್ಗೆ ಇಂಗ್ಲಿಷಿನಲ್ಲಿದ್ದ ಕರಪತ್ರಗಳನ್ನು ತಂದು, ನಾಲ್ಕು ನಾಲ್ಕು ಮಕ್ಕಳ ಗುಂಪಿಗೆ ಒಂದೊಂದರಂತೆ ಕೊಟ್ಟೆ. ಅರ್ಥ ಹೇಳಲಿಲ್ಲ. ಪ್ರವಾಸದ ಪಟ್ಟಿಯನ್ನು ನೀವೇ ಸಿದ್ಧಮಾಡಿ, ಬೆಳಿಗ್ಗೆ ಆರಕ್ಕೆ ಬಸ್ಸು ಹೊರಡುತ್ತದೆ, ಯಾವುದನ್ನು ಮೊದಲು ನೋಡಬೇಕು, ಎಲ್ಲಿ ಎಷ್ಟು ಹೊತ್ತು, ಎಲ್ಲಿ ಚಪ್ಪಲಿ ಬಿಡಬೇಕು, ಟಿಕೆಟ್ಟಿಗೆ ಒಟ್ಟು ಎಷ್ಟು ಹಣ ಬೇಕು ಎಂಬುದನ್ನು ಓದಿ ಹೇಳಿ ಎಂದೆ. ಎರಡನೆಯ ದಿನ ಹುಡುಗಿಯೊಬ್ಬಳು ಕೈಯೆತ್ತಿ, “ಮಿಸ್, ನಾವು ಹೋಗೋದು ಮಂಗಳವಾರ ಅಲ್ವಾ? ಝೂ ಕ್ಲೋಸ್ಡ್ ಆನ್ ಟ್ಯೂಸ್‌ಡೇಸ್ ಅಂತಿದೆ” ಎಂದಳು. ಪ್ರವಾಸದ ದಿನ ಗೊತ್ತುಮಾಡಿದ ನಾವು ಶಿಕ್ಷಕರು ಯಾರೂ ಅದನ್ನು ಗಮನಿಸಿರಲಿಲ್ಲ. ಇನ್ನೊಂದು ಗುಂಪು, ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳಂದು ಸಂಜೆ ಏಳಕ್ಕೆ ಎಂಬುದನ್ನು ಹುಡುಕಿ ತೆಗೆದು, ಹಾಗಾದರೆ ಭಾನುವಾರವೇ ಹೋಗೋಣ ಎಂದು ವಾದಿಸಿತು. ಭಾನುವಾರ ಜನಸಂದಣಿ ಹೆಚ್ಚು ಎಂದು ಮೂರನೆಯ ಗುಂಪು ಆಕ್ಷೇಪಿಸಿತು. ಮುಖ್ಯೋಪಾಧ್ಯಾಯರು ಕಡೆಗೆ ಭಾನುವಾರಕ್ಕೆ ಒಪ್ಪಿದರು. ತಾವು ಇಂಗ್ಲಿಷಿನಲ್ಲಿ ಓದಿದ ಒಂದು ಸಾಲಿನಿಂದ ಇಡೀ ಶಾಲೆಯ ಪ್ರವಾಸದ ದಿನವೇ ಬದಲಾಯಿತು ಎಂದು ಕಂಡ ಆ ಮಕ್ಕಳ ಮುಖವನ್ನು ನಾನು ಮರೆಯಲಾರೆ.

ಇಂಥ ಓದಿನಲ್ಲಿ ವ್ಯಾಕರಣವೂ ತಾನಾಗಿ ಕೈಗೆ ಸಿಗುತ್ತದೆ. ಕನ್ನಡದಲ್ಲಿ ‘ಏಳಕ್ಕೆ’, ‘ಭಾನುವಾರ’, ‘1912ರಲ್ಲಿ’ ಎಂದರೆ ಸಾಕು. ಇಂಗ್ಲಿಷಿನಲ್ಲಿ ಗಂಟೆಗೆ ‘ಆ್ಯಟ್’, ವಾರದ ದಿನಕ್ಕೆ ‘ಆನ್’, ವರ್ಷಕ್ಕೆ ‘ಇನ್’ ಬೇಕು. ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದಾಗ ವರ್ಷಗಟ್ಟಲೆ ನಿಲ್ಲದ ಈ ವ್ಯತ್ಯಾಸ, ತೆರೆಯುವ ಮುಚ್ಚುವ ವೇಳೆಗಳನ್ನು ನಾಲ್ಕು ಕರಪತ್ರಗಳಲ್ಲಿ ಓದಿ ಹೋಲಿಸಿದಾಗ ನಿಂತಿತು. ಕರ್ಮಣಿ ಪ್ರಯೋಗದ ಕಷ್ಟವೂ ಹೀಗೆಯೇ. ನಾವು ಮಾತಿನಲ್ಲಿ ‘ಈ ಅರಮನೆ ಕಟ್ಟಿದ್ದು 1912ರಲ್ಲಿ’ ಎನ್ನುತ್ತೇವೆಯೇ ಹೊರತು ‘ಕಟ್ಟಲ್ಪಟ್ಟಿತು’ ಎನ್ನುವವರಿಲ್ಲ. ಆದ್ದರಿಂದ ‘ವಾಸ್ ಬಿಲ್ಟ್’ ಎಂಬುದು ಮಕ್ಕಳಿಗೆ ಪರೀಕ್ಷೆಗಷ್ಟೇ ಇರುವ ವಿಚಿತ್ರ ರೂಪವಾಗಿ ಕಾಣುತ್ತದೆ. ಪ್ರವಾಸಿ ಸ್ಥಳದ ವಿವರಣೆಯಲ್ಲಾದರೋ ಅದು ಸಾಲುಸಾಲಿಗೂ ಬರುತ್ತದೆ: ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು, ಹೊಸದನ್ನು ಹೆನ್ರಿ ಇರ್ವಿನ್ ವಿನ್ಯಾಸಗೊಳಿಸಿದರು, ಮೃಗಾಲಯ 1892ರಲ್ಲಿ ಆರಂಭವಾಯಿತು, ಬೆಟ್ಟದ ನಂದಿಯನ್ನು ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕೆತ್ತಿದರು. ಮಾಡಿದವರಿಗಿಂತ ಆದ ಕೆಲಸ ಮುಖ್ಯವಾದಲ್ಲಿ ಇಂಗ್ಲಿಷ್ ಈ ರೂಪವನ್ನು ಹಿಡಿಯುತ್ತದೆ ಎಂಬುದನ್ನು ನಂದಿಯ ಎದುರು ನಿಂತು ಎರಡು ನಿಮಿಷ ಇಂಗ್ಲಿಷಿನಲ್ಲಿ ವಿವರಿಸಬೇಕಾದ ಹುಡುಗ ನನ್ನ ವಿವರಣೆಯಿಲ್ಲದೆಯೇ ಅರಿತುಕೊಂಡ. ಪ್ರತಿ ಸ್ಥಳದಲ್ಲೂ ಒಂದೊಂದು ಗುಂಪು ಉಳಿದವರಿಗೆ ಗೈಡ್ ಆಗಬೇಕು ಎಂದು ಮೊದಲೇ ನಿಗದಿ ಮಾಡಿದ್ದೆವು. ತಪ್ಪುಗಳು ಬೇಕಾದಷ್ಟು ಬಂದವು. ಬಾಯಿಬಿಡದ ಮಗು ಮಾತ್ರ ಅಂದು ಒಂದೂ ಇರಲಿಲ್ಲ.

ಇದು ನಾನು ಕಂಡುಹಿಡಿದ ಹೊಸ ವಿಧಾನವಲ್ಲ. ಇಂಗ್ಲಿಷ್ ಬೋಧನೆಯ ತಜ್ಞರಾದ ಪ್ರೊ. ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿನ ಭಾಷಾ ಶಿಕ್ಷಕರಿಗೆಲ್ಲ ಪರಿಚಿತ. ವ್ಯಾಕರಣದ ನಿಯಮಗಳನ್ನು ಮುಂದಿಟ್ಟುಕೊಂಡು ಕಲಿಸುವ ಬದಲು ನಕ್ಷೆ, ವೇಳಾಪಟ್ಟಿಗಳಂಥವನ್ನು ಮಕ್ಕಳ ಮುಂದಿಟ್ಟು, ಅವುಗಳನ್ನು ಓದಿ ಒಂದು ಲೆಕ್ಕಾಚಾರಕ್ಕೆ ಅಥವಾ ತೀರ್ಮಾನಕ್ಕೆ ಬರುವ ಕೆಲಸ ಕೊಟ್ಟರೆ, ಮಗುವಿನ ಮನಸ್ಸು ಅರ್ಥದ ಕಡೆ ತೊಡಗಿರುವಾಗಲೇ ಭಾಷೆಯ ರಚನೆ ಒಳಗಿಳಿಯುತ್ತದೆ ಎಂಬುದು ಆ ಪ್ರಯೋಗದ ತಿರುಳು. ಜಗತ್ತಿನ ಅನೇಕ ಕಡೆ ಚರ್ಚೆಗೆ ಬಂದ ಈ ವಿಚಾರ, ಬೆಂಗಳೂರಿನ ಹೆಸರನ್ನೇ ಹೊತ್ತದ್ದು, ನಮ್ಮ ಸರ್ಕಾರಿ ಶಾಲೆಗಳ ತರಗತಿಗಳಲ್ಲಿ ಇಷ್ಟು ಕಡಿಮೆ ಕಾಣುವುದು ನನಗೆ ನೋವಿನ ಸಂಗತಿ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಕರ್ನಾಟಕ ಪಠ್ಯಪುಸ್ತಕ ಸಂಘ ಮತ್ತು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಸೇರಿ, ಎಂಟು ಮತ್ತು ಒಂಬತ್ತನೆಯ ತರಗತಿಗಳಿಗಾಗಿ ಪ್ರತಿ ಜಿಲ್ಲೆಯ ಒಂದು ನಗರ ದರ್ಶನದ ಮಾಹಿತಿಯನ್ನು ಸರಳವೂ ಶುದ್ಧವೂ ಆದ ಇಂಗ್ಲಿಷಿನಲ್ಲಿ, ನಕ್ಷೆ ಮತ್ತು ವೇಳಾಪಟ್ಟಿಯೊಡನೆ, ಪೂರಕ ಓದಿನ ಹಾಳೆಗಳಾಗಿ ಸಿದ್ಧಪಡಿಸಿ ಕೊಡಲಿ. ವಿಜಯಪುರದ ಮಗು ತನ್ನೂರಿನ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯ ಬಗ್ಗೆ ಓದಲಿ. ಹೊಸಪೇಟೆಯ ಮಗು, 50 ರೂಪಾಯಿ ನೋಟಿನ ಹಿಂಬದಿಯಲ್ಲಿ ತಾನು ದಿನವೂ ಕಾಣುವ ಹಂಪಿಯ ಕಲ್ಲಿನ ರಥದ ಬಗ್ಗೆ ಓದಲಿ. 1963ರಲ್ಲಿ ಆರಂಭವಾಗಿ ಬೆಂಗಳೂರಿನಲ್ಲಿ ನಮ್ಮಂಥ ಶಿಕ್ಷಕರಿಗೆ ತರಬೇತಿ ನೀಡುತ್ತಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳೂ (ಡಯಟ್) ಈ ಕೆಲಸದ ಹೊಣೆ ಹೊರಬಲ್ಲವು. ವರ್ಷದ ನಡುನಡುವೆ ಮಕ್ಕಳ ಕಲಿಕೆಯನ್ನು ಅಳೆಯುವ ರೂಪಣಾತ್ಮಕ ಮೌಲ್ಯಮಾಪನದ ಒಂದು ಚಟುವಟಿಕೆಯಾಗಿ ಇದನ್ನು ಸೇರಿಸಿದರೆ ಶಿಕ್ಷಕರಿಗೆ ಹೊಸ ಹೊರೆಯೂ ಆಗುವುದಿಲ್ಲ. ಪ್ರವಾಸೋದ್ಯಮ ಇಲಾಖೆಯೂ ಇದರಲ್ಲಿ ಕೈಜೋಡಿಸಬೇಕು. ಈಗ ಸಿಗುವ ಕೆಲವು ಕರಪತ್ರಗಳ ಇಂಗ್ಲಿಷಿನಲ್ಲಿ ಕಾಗುಣಿತದ ತಪ್ಪುಗಳೇ ತುಂಬಿದ್ದು, ಅವನ್ನು ತಿದ್ದದೆ ಮಕ್ಕಳ ಕೈಗೆ ಕೊಡುವಂತಿಲ್ಲ.

ಕರಪತ್ರ ಓದಿಸುವುದು ಭಾಷೆಯನ್ನು ಬರಿಯ ವ್ಯವಹಾರಕ್ಕೆ ಇಳಿಸಿದಂತಲ್ಲವೇ ಎಂದು ನನ್ನ ಸಹೋದ್ಯೋಗಿ ಒಬ್ಬರು ಕೇಳಿದರು. ಅವರ ಆತಂಕ ನನಗೂ ಅರ್ಥವಾಗುತ್ತದೆ. ಪದ್ಯ, ಕಥೆಗಳನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಬಸ್ಸಿನ ವೇಳೆಯನ್ನು ಇಂಗ್ಲಿಷಿನಲ್ಲಿ ಓದಿ ತಿಳಿಯಲಾರದ ಮಗುವಿಗೆ ಇಂಗ್ಲಿಷ್ ಪದ್ಯದ ಸಾರಾಂಶವನ್ನು ಗೈಡ್ ಪುಸ್ತಕದಿಂದ ಉರು ಹೊಡೆಸುವುದರಿಂದ ಸಾಹಿತ್ಯವೂ ದಕ್ಕುವುದಿಲ್ಲ, ಭಾಷೆಯೂ ದಕ್ಕುವುದಿಲ್ಲ. ಪ್ರವಾಸದ ಹಣ ಹೊಂದಿಸಲಾಗದ ಮನೆಗಳ ಮಕ್ಕಳ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ನಮ್ಮಲ್ಲಿ ಪ್ರತಿ ವರ್ಷ ಏಳೆಂಟು ಮಕ್ಕಳು ಹಾಗೆ ಉಳಿಯುತ್ತಾರೆ. ಪ್ರವಾಸವೂ ಪಾಠದ ಭಾಗವೆಂದಾದ ಮೇಲೆ ಅವರನ್ನು ಬಿಟ್ಟುಹೋಗಲು ಯಾವ ಶಾಲೆಗೂ ಅವಕಾಶವಿರಬಾರದು. ಅವರ ಖರ್ಚನ್ನು ಇಲಾಖೆಯೇ ಭರಿಸಬೇಕು.

ನಮ್ಮ ಶಾಲೆಯಲ್ಲಿ ಬಳಸಿದ ಅಭ್ಯಾಸ ಹಾಳೆಗಳು ನನ್ನ ಬಳಿ ಇವೆ. ಆಸಕ್ತ ಶಿಕ್ಷಕರಿಗಾಗಲಿ, ಡಯಟ್‌ಗಾಗಲಿ ಅವುಗಳ ಪ್ರತಿಯನ್ನು ಕೊಡಲು ಸಿದ್ಧಳಿದ್ದೇನೆ. ಈ ಸಾಲಿನ ಪ್ರವಾಸಗಳಿಗೆ ಅನುಮತಿ ನೀಡುವ ಮೊದಲೇ ಇಲಾಖೆ ಈ ಬಗ್ಗೆ ಯೋಚಿಸಲೆಂದು ವಿನಂತಿಸುತ್ತೇನೆ.

— ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ, ಮೈಸೂರು ಜಿಲ್ಲೆ