ರೂಪಾಂತರವೆಂದರೆ ಯಾವ ಬದಲಾವಣೆ?

ನಮ್ಮ ಸುದ್ದಿಪತ್ರಕ್ಕೆ ಬರುವ ಬರಹಗಳಲ್ಲಿ ‘ರೂಪಾಂತರ’ ಎಂಬ ಪದ ಈಚೆಗೆ ಧಾರಾಳವಾಗಿ ಕಾಣಿಸಿಕೊಳ್ಳುತ್ತಿದೆ. ಸಂಘದ ನಿಯಮಾವಳಿಯನ್ನು ತಿದ್ದಿದರೂ ರೂಪಾಂತರ, ಇಂಗ್ಲಿಷ್ ಕಥೆಯೊಂದನ್ನು ಸಾಲುಸಾಲಾಗಿ ಕನ್ನಡಿಸಿದರೂ ರೂಪಾಂತರ. ಪದವೇನೋ ಸೊಗಸಾಗಿದೆ, ಆದರೆ ಎಲ್ಲ ಬಗೆಯ ಬದಲಾವಣೆಗೂ ಅದನ್ನೇ ಹಚ್ಚುತ್ತ ಹೋದರೆ ಅದರ ಮೊನೆ ಮೊಂಡಾಗುತ್ತದೆ.

ರೂಪ ಮತ್ತು ಅಂತರ ಎಂಬೆರಡು ಪದಗಳು ಸವರ್ಣದೀರ್ಘ ಸಂಧಿಯಿಂದ ಕೂಡಿ ಇದಾಗಿದೆ. ಬಿಡಿಯಾಗಿ ಬಂದಾಗ ‘ಅಂತರ’ ನಮಗೆ ದೂರ ಅಥವಾ ವ್ಯತ್ಯಾಸ. ಸಮಾಸದ ಕೊನೆಗೆ ಬಂದಾಗ, ಸಂಸ್ಕೃತದ ರೂಢಿಯಂತೆ, ‘ಬೇರೊಂದು’ ಎಂದರ್ಥ. ಜನ್ಮಾಂತರವೆಂದರೆ ಬೇರೊಂದು ಜನ್ಮ, ದೇಶಾಂತರವೆಂದರೆ ಬೇರೊಂದು ದೇಶ. ರೂಪ ಮಾತ್ರ ಬೇರೆಯೆಂದಾಗ, ಆ ರೂಪವನ್ನು ತಳೆದದ್ದು ಹಿಂದಿನದೇ ಎಂಬ ಧ್ವನಿಯೂ ಜೊತೆಗೇ ಇರುತ್ತದೆ.

ಭೂವಿಜ್ಞಾನ ಈ ಧ್ವನಿಯನ್ನು ಚೆನ್ನಾಗಿ ಉಳಿಸಿಕೊಂಡಿದೆ. ನೆಲದಾಳದ ಒತ್ತಡಕ್ಕೂ ಶಾಖಕ್ಕೂ ಸಿಕ್ಕ ಸುಣ್ಣಕಲ್ಲು ಅಮೃತಶಿಲೆಯಾಗುವಾಗ ಅದರ ಹರಳುಗಳು ಹೊಸದಾಗಿ ಹೆಣೆದುಕೊಂಡು ದೊಡ್ಡವಾಗುತ್ತವೆ, ಒಳಗಿದ್ದ ಚಿಪ್ಪುಗಳ ಗುರುತು ಬಹುಮಟ್ಟಿಗೆ ಅಳಿಸಿಹೋಗುತ್ತದೆ, ಆದರೂ ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟೇ. ಇದೆಲ್ಲ ಕಲ್ಲು ಕರಗದೆ, ಗಟ್ಟಿಯಾಗಿದ್ದಂತೆಯೇ ನಡೆಯಬೇಕು. ಪೂರ್ತಿ ಕರಗಿ ಮತ್ತೆ ಗಟ್ಟಿಯಾದದ್ದನ್ನು ಅಗ್ನಿಶಿಲೆ ಎನ್ನುತ್ತಾರೆಯೇ ಹೊರತು ರೂಪಾಂತರ ಶಿಲೆ ಎನ್ನುವುದಿಲ್ಲ. ಕೀಟಗಳ ವಿಷಯದಲ್ಲಿ ಬದಲಾವಣೆ ಇನ್ನೂ ಉಗ್ರ. ಚಿಟ್ಟೆಯಾಗುವ ಮುಂಚಿನ ಪೊರೆಹುಳುವಿನ (ಪ್ಯೂಪಾ) ಹಂತದಲ್ಲಿ ಕಂಬಳಿಹುಳುವಿನ ಅಂಗಾಂಶಗಳಲ್ಲಿ ಎಷ್ಟೋ ಭಾಗ ಕರಗಿ, ಮೊದಲಿನಿಂದಲೂ ಮೈಯೊಳಗೆ ಅಡಗಿದ್ದ ಜೀವಕೋಶಗಳ ಗುಂಪುಗಳಿಂದ ರೆಕ್ಕೆಗಳು ಬೆಳೆಯುತ್ತವೆ. ಜೀವಿ ಮಾತ್ರ ಅದೇ.

ಕೋವಿಡ್ ಕಾಲದಲ್ಲಿ ಪತ್ರಿಕೆಗಳು ಈ ಪದಕ್ಕೆ ಒಂದು ‘ಇ’ಕಾರ ಸೇರಿಸಿ ‘ರೂಪಾಂತರಿ’ಯನ್ನು ಮನೆಮಾತಾಗಿಸಿದವು. ಪಠ್ಯಪುಸ್ತಕದ ‘ಉತ್ಪರಿವರ್ತನೆ’ ನಾಲಿಗೆಗೆ ಭಾರವಾಗಿದ್ದುದರಿಂದ ಇದು ಗೆದ್ದಿತೆಂದು ನನ್ನ ಊಹೆ. ಆದರೆ ವಂಶವಾಹಿಯಲ್ಲಿ ಆಗುವ ಬದಲಾವಣೆ ಉತ್ಪರಿವರ್ತನೆ, ಅಂಥ ಬದಲಾವಣೆಗಳನ್ನು ಹೊತ್ತ ವೈರಾಣುವಿನ ತಳಿ ರೂಪಾಂತರಿ. ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು.

ನಮ್ಮ ಕೆಲಸಕ್ಕೆ ಹತ್ತಿರವಾದದ್ದು ರಂಗಭೂಮಿಯ ಬಳಕೆ. ಅನುವಾದಕ ಮೂಲದ ಮಾತಿಗೆ ಬದ್ಧನಾಗಿರುತ್ತಾನೆ. ರೂಪಾಂತರಕಾರ ಕಥೆಯ ಕಟ್ಟನ್ನು ಉಳಿಸಿಕೊಂಡು ಊರು, ಕಾಲ, ಹೆಸರು, ನುಡಿಗಟ್ಟುಗಳನ್ನೆಲ್ಲ ಬದಲಿಸಬಹುದು. ಕುವೆಂಪು ಅವರು ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ‘ರಕ್ತಾಕ್ಷಿ’ಯಾಗಿಸಿದಾಗ ಡೆನ್ಮಾರ್ಕಿನ ಅರಮನೆಯ ಜಾಗದಲ್ಲಿ ಬಿದನೂರಿನ ಸಂಸ್ಥಾನ ಬಂದಿತು. ಅದನ್ನು ಅನುವಾದವೆಂದು ಕರೆದು ಮೂಲದೊಡನೆ ಸಾಲಿಗೆ ಸಾಲು ತಾಳೆ ನೋಡಿದರೆ ನಾಟಕಕ್ಕೂ ನ್ಯಾಯವಾಗದು, ಓದುಗನಿಗೂ ಲಾಭವಿಲ್ಲ. ಸಾಲಿಗೆ ಸಾಲು ಕನ್ನಡಿಸಿದ ಕೃತಿಯನ್ನು ರೂಪಾಂತರವೆಂದು ಕರೆದರೂ ಅಷ್ಟೇ: ಮೂಲಕ್ಕೆ ನಿಷ್ಠನಾಗಿ ದುಡಿದವನ ಶ್ರಮ ಕಾಣದೆ ಹೋಗುತ್ತದೆ.

ನಿಯಮಾವಳಿಯ ತಿದ್ದುಪಡಿಗೆ ‘ಮಾರ್ಪಾಡು’ ಎಂಬ ಅಚ್ಚಗನ್ನಡ ಪದ ಧಾರಾಳವಾಗಿ ಸಾಕು. ಮುಂದಿನ ಸಂಚಿಕೆಗೆ ನಾಟಕ, ಕಥೆಗಳನ್ನು ಕಳುಹಿಸುವವರು ಶೀರ್ಷಿಕೆಯ ಕೆಳಗೆ ಮೂಲಕೃತಿಯ ಹೆಸರನ್ನೂ, ತಾವು ಮಾಡಿರುವುದು ಅನುವಾದವೋ ರೂಪಾಂತರವೋ ಎಂಬುದನ್ನೂ ದಯವಿಟ್ಟು ನಮೂದಿಸಬೇಕು.