ಅಕ್ಕನ ಮಾತ್ರೆ ವಿಚಾರ

ಪ್ರೀತಿಯ ಪುಟ್ಟಿ,

ಅಕ್ಕ ನ್ಯೂಜೆರ್ಸಿಗೆ ಬಂದು ಆರು ತಿಂಗಳು ನಿನ್ನ ಜೊತೆ ಇರುತ್ತಾಳಂತೆ, ಸಂತೋಷ. ಆದರೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಬ್ಲಡ್ ಥಿನ್ನರ್ ಮಾತ್ರೆ ಮುಗಿದರೆ ಅಲ್ಲೇ ತಗೊಂಡರಾಯ್ತು ಅಂತ ನೀನು ಅಂದೆಯಂತೆ. ಅದು ಅಷ್ಟು ಸಲೀಸಲ್ಲ ಕಣೇ.

ಅವಳು ತಗೊಳ್ಳುವುದು ಅಪಿಕ್ಸಬಾನ್. ಮೂಲ ಬ್ರ್ಯಾಂಡ್ ಎಲಿಕ್ವಿಸ್. ಭಾರತದಲ್ಲಿ ಅದರ ಪೇಟೆಂಟ್ 2022ರಲ್ಲಿ ಮುಗಿಯಿತು, ಆಮೇಲೆ ಒಂದಾದ ಮೇಲೊಂದು ಕಂಪನಿ ಜೆನೆರಿಕ್, ಅಂದರೆ ಮೂಲ ಬ್ರ್ಯಾಂಡ್ ಅಲ್ಲದ ಅದೇ ಔಷಧ, ಮಾಡಿ ಬೆಲೆ ಇಳಿಯಿತು. ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲೇ ಜೆನೆರಿಕ್‌ಗೆ ಒಪ್ಪಿಗೆ ಕೊಟ್ಟಿದೆ, ಆದರೂ ಪೇಟೆಂಟ್ ಕೇಸುಗಳಿಂದಾಗಿ 2028ರ ಏಪ್ರಿಲ್‌ವರೆಗೆ ಅದು ಅಂಗಡಿಗೆ ಬರುವ ಹಾಗಿಲ್ಲ. ಒಪ್ಪಿಗೆ ಇದೆ, ಅಗ್ಗದ ಮಾತ್ರೆ ಇಲ್ಲ, ಸಿಗುವುದು ದುಬಾರಿ ಎಲಿಕ್ವಿಸ್ ಮಾತ್ರ! ಹಾಗಾಗಿ ಅಲ್ಲಿ 'ಜೆನೆರಿಕ್ ಎಲಿಕ್ವಿಸ್ ಮನೆಗೇ ಕಳಿಸುತ್ತೇವೆ' ಅನ್ನುವ ಸೈಟು ಕಂಡರೆ ದೂರ ಇರು, ಆ ಮಾತ್ರೆಯೊಳಗೆ ಏನಿರುತ್ತೋ ಯಾರಿಗೆ ಗೊತ್ತು. ಇನ್ನು ವಿಸಿಟರ್ ಇನ್ಶೂರೆನ್ಸು ಹಳೇ ಕಾಯಿಲೆಯ ಮಾತ್ರೆಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ.

ಆದ್ದರಿಂದ ಇಲ್ಲಿಂದಲೇ ತರಲಿ. ಸಾಮಾನ್ಯವಾಗಿ 90 ದಿನಕ್ಕಾಗುವಷ್ಟು ತರಬಹುದು, ಸ್ಟ್ರಿಪ್ ಬಿಡಿಸದೆ, ಡಾಕ್ಟರ್ ಚೀಟಿಯ ಜೊತೆ, ಕೈಚೀಲದಲ್ಲೇ. ಉಳಿದದ್ದನ್ನು ಚೀಟಿ, ವೀಸಾ ನಕಲು ಇಟ್ಟು ನಾನು ಕಳಿಸುತ್ತೇನೆ, ಆದರೆ ಪಾರ್ಸೆಲ್ ತಡವಾಗಬಹುದು ಅಂತ ಮೊದಲೇ ಲೆಕ್ಕ ಹಾಕಿಕೋ. ಚೀಟಿಯಲ್ಲಿ ಅಪಿಕ್ಸಬಾನ್ ಅಂತ ಔಷಧದ ಹೆಸರನ್ನೇ ಬರೆಸಬೇಕು, ನಮ್ಮೂರಿನ ಬ್ರ್ಯಾಂಡ್ ಹೆಸರು ಅಲ್ಲಿನ ಡಾಕ್ಟರಿಗೆ ತಿಳಿಯುವುದಿಲ್ಲ.

ಕಡಿಮೆ ಬೆಲೆ ಅಂದರೆ ಕಳಪೆ ಅಂತ ಅಕ್ಕನಿಗೆ ಅನುಮಾನ. ಮೆಡಿಕಲ್ ಅಂಗಡಿಯಲ್ಲಿ ಕೂತೇ ತಲೆ ಬೆಳ್ಳಗಾದವನು ಹೇಳುತ್ತಿದ್ದೇನೆ, ಒಳ್ಳೆ ಕಂಪನಿಯ ಜೆನೆರಿಕ್‌ನಲ್ಲಿ ಇರುವುದೂ ಅದೇ ಔಷಧ. ವಾರ್ಫರಿನ್ ಅನ್ನುವ ಹಳೇ ಬ್ಲಡ್ ಥಿನ್ನರ್ ಆಗಿದ್ದರೆ ಬೇರೆ ಮಾತು, ಅದರಲ್ಲಿ ಕಂಪನಿ ಬದಲಾದರೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ತಿಳಿಸುವ ಐಎನ್‌ಆರ್ ಪರೀಕ್ಷೆ ಮಾಡಿಸಿ ನೋಡಿಕೊಳ್ಳಬೇಕು. ಅಮೆರಿಕದಲ್ಲಿ ಅದರ ಜೆನೆರಿಕ್ ಅಗ್ಗ ಅಂತ ಯಾರಾದರೂ ಹೇಳುತ್ತಾರೆ, ನಿಜವೇ, ಆದರೆ ಡಾಕ್ಟರನ್ನು ಕೇಳದೆ ಅದಕ್ಕೆ ಬದಲಿಸಬೇಡ.

ಎಲ್ಲಕ್ಕಿಂತ ಮುಖ್ಯ, ಉಳಿಸೋಣ ಅಂತ ಅವಳು ದಿನಕ್ಕೆ ಎರಡರ ಬದಲು ಒಂದೇ ನುಂಗಲು ಶುರು ಮಾಡುವ ಪೈಕಿ. ಕಣ್ಣಿಟ್ಟಿರು. ಈ ಮಾತ್ರೆ ಸುಮ್ನೆ ನಿಲ್ಲಿಸಿದರೆ ಸ್ಟ್ರೋಕ್ ಆಗುವ ಅಪಾಯ ಏರುತ್ತದೆ. ಮಂಡಿನೋವು ಅಂದರೆ ಅಡ್ವಿಲ್ (ಐಬುಪ್ರೊಫೆನ್ ನೋವಿನ ಮಾತ್ರೆ) ಕೊಡಬೇಡ, ರಕ್ತಸ್ರಾವ ಜಾಸ್ತಿ ಆಗಬಹುದು.

ಟಿಕೆಟ್ ತಾರೀಕು ಗೊತ್ತಾದ ಕೂಡಲೇ ತಿಳಿಸು, ಸ್ಟಾಕ್ ತರಿಸಿಡುತ್ತೇನೆ.

ಇಂತಿ ನಿನ್ನ ಮಾವ